ಓರೆ ಅಕ್ಷರ

ಕುತೈಸಿಯ ಆಸ್ಪತ್ರೆ, ಎರಡನೆಯ ಮಹಡಿ.
ಆರು ಕುರ್ಚಿ, ಆರು ಯಂತ್ರ,
ರಕ್ತ ಹೊರಗೆ ಹೋಗಿ ತೊಳೆದುಕೊಂಡು ಬರಲು
ನಾಲ್ಕು ಗಂಟೆ.
ಬುಧವಾರ ಎತೇರಿ ಬರುತ್ತಾಳೆ,
ಹಿಂದೆ ಟ್ರಾಲಿಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದವಳು,
ಈಗ ನಮಗೆ ಕಥೆ ಓದುತ್ತಾಳೆ, ಸಂಬಳವಿಲ್ಲದೆ.
ಚಿಕ್ಕ ಕಥೆಯೇ ಆಗಬೇಕು.
ದೊಡ್ಡದು ಶುರುಮಾಡಿದರೆ
ಮುಗಿಯುವ ಹೊತ್ತಿಗೆ ಆರೂ ಕುರ್ಚಿಯಲ್ಲಿ
ಇವರೇ ಇರುತ್ತಾರೆನ್ನಲಾಗದು.
ಇದನ್ನು ಅವಳು ಹೇಳಲಿಲ್ಲ,
ನಾನು ಅಂದುಕೊಂಡದ್ದು.

ಆವತ್ತಿನದು ಒಂದೂವರೆ ಪುಟ.
ಸಂತೆಯಲ್ಲಿ ಒಬ್ಬ ಅಕ್ರೋಟು ತೂಗುತ್ತಾನೆ.
ಕಪ್ಪು ಬಟ್ಟೆಯವಳೊಬ್ಬಳು ಒಂದು ಕಿಲೋ ಕೇಳುತ್ತಾಳೆ.
ತಕ್ಕಡಿ ಸಮನಾದ ಮೇಲೂ
ಅವನು ಒಂದು ಹಿಡಿ ಹೆಚ್ಚು ಹಾಕುತ್ತಾನೆ.
ಅವಳು ತಲೆಯೆತ್ತಿ ನೋಡುತ್ತಾಳೆ. ಹೋಗುತ್ತಾಳೆ.
ಅಷ್ಟೇ.

"ಒಳ್ಳೆಯವನು," ಎಂದರು ಕಿಟಕಿ ಪಕ್ಕದ ಗೂರಾಮ್,
"ಒಳ್ಳೆಯತನಕ್ಕೆ ತೂಕದ ಕಲ್ಲಿಲ್ಲ, ಅದೇ ಕಥೆಯ ತಿರುಳು."
ಮೇಷ್ಟ್ರಾಗಿದ್ದವರು, ಯಾವ ಕಥೆಯನ್ನೂ
ತಿರುಳು ಕೀಳದೆ ಬಿಟ್ಟವರಲ್ಲ.
ನಾನುಲಿಗೆ ತಿರುಳೆಂದರೆ ತಿರುಳೇ:
ಬೆಳ್ಳುಳ್ಳಿಯ ಜೊತೆ ಅರೆದದ್ದು,
ಕರಿದ ಬದನೆಕಾಯಿಗೆ ಸವರಿದ್ದು.
ನಮ್ಮ ರೋಗಿಗಳಿಗೆ ಅಕ್ರೋಟು ಕೂಡದು.
"ಹತ್ತೊಂಬತ್ತು ತಿಂಗಳಾಯಿತು" ಎಂದಳು,
ಕಥೆಯ ಬಗ್ಗೆ ಬೇರೇನೂ ಹೇಳಲಿಲ್ಲ.

ಶುಕ್ರವಾರ, ತನ್ನ ದಿನವಲ್ಲದಿದ್ದರೂ,
ಎತೇರಿ ಬಂದಳು, ಮುಖ ಸಣ್ಣದು ಮಾಡಿಕೊಂಡು.
"ಒಂದು ಸಾಲು ಬಿಟ್ಟುಬಿಟ್ಟಿದ್ದೆ.
ಓರೆ ಅಕ್ಷರದಲ್ಲಿತ್ತು, ಹಾಳೆಯ ಕೊನೆಗೆ.
ನನ್ನ ಹೆಬ್ಬೆರಳು ಅಡ್ಡ ಬಂದಿತ್ತು."
ಆ ಹಿಡಿ ಹಾಕುವಾಗ
ಅವನು ತನ್ನಲ್ಲೇ ಅಂದುಕೊಳ್ಳುತ್ತಾನೆ:

ಇನ್ನು ಹನ್ನೊಂದು ಹಿಡಿ.
ಆಮೇಲೆ ನಿನ್ನ ಗಂಡ ನನ್ನ ಕನಸಿಗೆ ಬರಕೂಡದು.

ಪಂಪುಗಳು ತಿರುಗುತ್ತಲೇ ಇದ್ದವು.
ಬುಧವಾರದ ಒಳ್ಳೆಯವನು ಎಲ್ಲಿ ಹೋದ?
ಅದೇ ಸಂತೆ, ಅದೇ ಕೈ, ಅದೇ ಒಂದು ಹಿಡಿ.
ಗೂರಾಮ್ ತಮ್ಮ ತಿರುಳನ್ನು ವಾಪಸು ಪಡೆದರು.
"ಪಾಪ. ಪಾಪವನ್ನು ಕಂತಿನಲ್ಲಿ ತೀರಿಸುತ್ತಿದ್ದಾನೆ."
ಲಾರಿ ಓಡಿಸುತ್ತಿದ್ದ ನೋದರ್: "ಕೊಂದಿದ್ದಾನೆ."
"ಬರೀ ಸಾಲವೂ ಇರಬಹುದಲ್ಲ?"
"ಸಾಲಕ್ಕೆ ಯಾರಿಗೆ ಕನಸು ಬೀಳುತ್ತೆ?"
"ನನಗೆ," ಅಂದಳು ನಾನುಲಿ.

ಜುಂಬೇರ್ ಮಾತ್ರ ಕಣ್ಣು ಮುಚ್ಚಿದ್ದ.
ಅವನ ಯಂತ್ರ ಎರಡು ಸಲ ಕೂಗಿತು,
ಕೊಳವೆಯ ಮಡಿಕೆ ಬಿಡಿಸಿದೆ. ಆಗ ಹೇಳಿದ:
"ಮನಸ್ಸಿನಲ್ಲಿ ಅಂದುಕೊಂಡದ್ದೆಲ್ಲ ನಿಜ ಅಂತ
ಯಾರು ಹೇಳಿದರು ನಿಮಗೆ?
ನಾನು ನನಗೇ ಎಷ್ಟು ಸುಳ್ಳು ಹೇಳಿಕೊಂಡಿದ್ದೇನೆ,
ಕೇಳುವವನೂ ನಾನೊಬ್ಬನೇ.
ಅವನಿಗೆ ಅವಳ ಮೇಲೆ ಮನಸ್ಸಿರಬೇಕು.
ಹಾಗೆ ಅಂದುಕೊಳ್ಳಲು ನಾಚಿಕೆ,
ತಪ್ಪು ಮಾಡಿದೆ ಅಂದುಕೊಳ್ಳುವುದು ಸುಲಭ.
ಹನ್ನೊಂದು ಹಿಡಿ ಮುಗಿಯಲಿ, ನೋಡಿ ಬೇಕಾದರೆ,
ಹನ್ನೆರಡನೆಯದನ್ನೂ ಹಾಕುತ್ತಾನೆ."

ಎತೇರಿ ಪುಸ್ತಕ ಮುಚ್ಚಿ
ಬೆರಳನ್ನು ಒಳಗೇ ಇಟ್ಟುಕೊಂಡಳು.
ನನಗೆ ಬುಧವಾರದ ಕಥೆಯೇ ಬೇಕಿತ್ತು.
ಕೇಳಿದ ಸಾಲನ್ನು ಸೋಸಿ ತೆಗೆಯುವ ಯಂತ್ರ
ಈ ಮಹಡಿಯಲ್ಲಿಲ್ಲ.

ಸಂಜೆ ಸೂಜಿ ತೆಗೆದು, ಹತ್ತಿ ಒತ್ತಿ,
ಒಬ್ಬೊಬ್ಬರನ್ನೇ ತಕ್ಕಡಿಯ ಮೇಲೆ ನಿಲ್ಲಿಸಿದೆ.
ಜುಂಬೇರ್ ಐವತ್ತೆಂಟು ಮುಕ್ಕಾಲು,
ನೀರು ಹೋದ ಮೇಲೂ ಅರವತ್ತು ಇರಬೇಕಾದವನು.
"ಚೆನ್ನಾಗಿದೆ," ಎಂದೆ, ನಗುತ್ತ.
ಅವನು ಕೆಳಗಿಳಿಯಲಿಲ್ಲ.
ಅಂಕಿಯನ್ನು ನೋಡಲಿಲ್ಲ, ನನ್ನ ಮುಖ ನೋಡಿದ,
ಹಾಳೆಯ ಕೊನೆಯಿಂದ ಯಾರದೋ ಹೆಬ್ಬೆರಳನ್ನು
ಮೆಲ್ಲಗೆ ಸರಿಸುವವನ ಹಾಗೆ.
"ಸಿಸಾನಾ, ಓರೆ ಅಕ್ಷರದ್ದನ್ನೂ ಓದಿಬಿಡು."

ಅವನ ಕೋಟು ತಂದೆ. ಒಂದು ತೋಳು, ಇನ್ನೊಂದು ತೋಳು.
ಕುರಿತುಪ್ಪಳದ ಕಾಲರು, ಜೇಬಿನಲ್ಲಿ ಕೀಲಿಗೊಂಚಲು.
ಗುಂಡಿ ಹಾಕಿಕೊಂಡು ಮತ್ತೆ ತಕ್ಕಡಿ ಹತ್ತಿದ.
"ಈಗ ಬರೆದುಕೋ," ಎಂದ,
"ಒಂದು ಹಿಡಿ ಹೆಚ್ಚೇ ಇದೆ."